ಎಲ್ಲಾ ಕೂಡಿದರೆ ಆರು

ವಿರೂಪಾಕ್ಷಿಪುರ
3 ಜೂನ್ 2025

ಚಿರಂಜೀವಿ ಅಶ್ವಥನಿಗೆ ಚಿಕ್ಕಪ್ಪ ಹನುಮಂತಯ್ಯನ ಆಶೀರ್ವಾದ. ನಾವಿಲ್ಲಿ ಚೆನ್ನಾಗಿದ್ದೇವೆ. ನೀನು ಚೆನ್ನಾಗಿರುವುದು ನಿನ್ನ ಅಂಗಡಿಯ ಹೊಸ ಬೋರ್ಡಿನ ಫೋಟೊ ನೋಡಿದಾಗಲೇ ಗೊತ್ತಾಯಿತು. ಮೈಯಲ್ಲಿ ಕೊಬ್ಬಿಲ್ಲದವನು ಅಂಥ ಬೋರ್ಡು ಹಾಕುವುದಿಲ್ಲ.

ಫೋನಿನಲ್ಲೇ ಬೈಯಬಹುದಿತ್ತು. ಆದರೆ ಮೂವತ್ತು ವರ್ಷ ರೈಸ್ ಮಿಲ್ಲಿನ ಬೆಲ್ಟಿನ ಪಕ್ಕ ನಿಂತ ಕಿವಿ ಇದು. ನೀನು ಅಲ್ಲಿ ಕಿರುಚಿಕೊಳ್ಳಬೇಕು, ನಾನು ಇಲ್ಲಿ ಸುಮ್ಮನೆ ಹ್ಞೂಂಗುಟ್ಟಬೇಕು. ಅದಕ್ಕೇ ಬರೆಯುತ್ತಿದ್ದೇನೆ. ನೀನೂ ಬರೆದೇ ಉತ್ತರ ಕೊಡು. ಲತಾಮಣಿಯ ಮೊಬೈಲಿಗೆ ಕೈ ಮುಗಿಯುವ ಗೊಂಬೆ ಕಳಿಸಿ ಜಾರಿಕೊಳ್ಳಬೇಡ.

ಫೋಟೊ ತೋರಿಸಿದವಳು ಅವಳೇ. ಬೆಣ್ಣೆ ತಟ್ಟೆ ಇಡ್ಲಿ, ಅದರ ಮುಂದೆ 330. ಬೆಲೆ ಅಂದುಕೊಂಡೆ. ನಮ್ಮಣ್ಣನ ಮಗ ಬಿಡದಿಯಲ್ಲಿ ಹಾಡಹಗಲೇ ದರೋಡೆಗೆ ನಿಂತನಲ್ಲ ಅನ್ನಿಸಿತು. ಆಗ ಲತಾಮಣಿ ಸ್ಲೇಟಿನ ಮೇಲೆ ಬರೆದಳು: ‘ಅಪ್ಪ, ಅದು ರೇಟಲ್ಲ. ಕ್ಯಾಲೊರಿ. ತಿಂದ್ರೆ ಮೈಗೆ ಎಷ್ಟು ಸೇರ್ತೈತೆ ಅನ್ನೋ ಲೆಕ್ಕ.’ ಬೆಲೆಯೇ ಆಗಿದ್ದರೆ ಇಷ್ಟು ಹೇಸಿಗೆಯಾಗುತ್ತಿರಲಿಲ್ಲ.

ಲೇ, ಉಣ್ಣುವವನ ಬಾಯಿ ಮುಂದೆ ಲೆಕ್ಕ ಬರೆದು ತೂಗುಹಾಕುವುದು ಯಾವ ಮರ್ಯಾದೆ? ಕಣದಲ್ಲಿ ರಾಗಿ ಅಳೆಯುವಾಗಲೂ ನಾವು ಮೊದಲ ಕೊಳಗಕ್ಕೆ ‘ಒಂದು’ ಅನ್ನುವುದಿಲ್ಲ, ‘ಲಾಭ’ ಅನ್ನುತ್ತೇವೆ. ಅನ್ನಕ್ಕೆ ಎಣಿಕೆಯ ಕಣ್ಣು ಬೀಳಬಾರದು ಅಂತ. ಯಾರ ಎಲೆಗೆ ಎಷ್ಟು ಮುದ್ದೆ ಬಿತ್ತು ಅಂತ ಎಣಿಸಿದ್ದಕ್ಕೆ ನಿಮ್ಮಜ್ಜಿ ನಿನಗೆ ಸೌಟಿನಲ್ಲಿ ಬಾರಿಸಿದ್ದು ಮರೆತುಹೋಯಿತೇ? ನಿನ್ನ ಗೋಬಿಯೇ ಸಾಕಾಗಿತ್ತು ನನಗೆ. ಹೋದ ಸಲ ತಿಂದಾಗ ಅದರ ಕೆಂಪು ಎರಡು ದಿನ ಬೆರಳಿನಿಂದ ಹೋಗಲಿಲ್ಲ. ಈಗ ಅದಕ್ಕೊಂದು ನಂಬರು ಬೇರೆ.

ಒಂದು ಮಾತು ಕೇಳುತ್ತೇನೆ. ಈ ಲೆಕ್ಕ ಹಾಕಿದವರು ಯಾರು?

ನಿನ್ನ ಚಿಕ್ಕಮ್ಮ ಚಿಕ್ಕಲಕ್ಷ್ಮಮ್ಮ ಆಶೀರ್ವಾದ ತಿಳಿಸಿದ್ದಾಳೆ. ಅವಳಿಗೆ ಬೋರ್ಡಿನ ಬಣ್ಣ ಹಿಡಿಸಿತಂತೆ.

ಹನುಮಂತಯ್ಯ


ಬಿಡದಿ
14 ಜೂನ್ 2025

ಚಿಕ್ಕಪ್ಪನವರಿಗೆ ಅಶ್ವಥನ ನಮಸ್ಕಾರಗಳು.

ನಿಮ್ಮ ಪತ್ರವನ್ನು ಗಲ್ಲಾದ ಮುಂದೆ ಕೂತು ಓದಿದ್ದು ತಪ್ಪಾಯಿತು. ನನ್ನ ಮುಖ ನೋಡಿ ಅಡುಗೆಯ ವಾಸಿಂ ಓಡಿಬಂದು, ‘ಯಾರಾದ್ರೂ ಹೋಗ್ಬುಟ್ರಾ ಅಣ್ಣ?’ ಅಂದ. ನಮ್ಮ ಚಿಕ್ಕಪ್ಪ ಗಟ್ಟಿಮುಟ್ಟಾಗೇ ಇದ್ದಾರೆ, ಅದೇ ತೊಂದರೆ, ಅಂದೆ.

ಚಿಕ್ಕಪ್ಪ, ಕಾಲ ಬೇರೆ ಆಗಿದೆ. ಹೈವೇಯಲ್ಲಿರುವ ದೊಡ್ಡ ಕಂಪನಿ ಹೋಟೆಲುಗಳವರು ಬರ್ಗರಿನ ಮುಂದೆ, ಪಿಜ್ಜಾದ ಮುಂದೆ ಎಲ್ಲಾ ಕಡೆ ಈ ಲೆಕ್ಕ ಹಾಕುತ್ತಾರೆ. ಅಷ್ಟು ದೊಡ್ಡವರಿಗೆ ಕಾನೂನೇ ಇದೆಯಂತೆ. ನನ್ನದು ಮೂರು ಅಂಗಡಿ, ನನ್ನನ್ನು ಯಾರೂ ಕೇಳುವುದಿಲ್ಲ. ಆದರೂ ಹಾಕಿದೆ. ಕಾರಿನವರು ಈಗ ನಮ್ಮಲ್ಲೂ ನಿಲ್ಲಿಸುತ್ತಾರೆ. ಫ್ಯಾಕ್ಟರಿ ಹುಡುಗರು ಬೋರ್ಡಿನ ಕೆಳಗೆ ಸೆಲ್ಫಿ ತೆಗೆದುಕೊಳ್ಳುತ್ತಾರೆ. ತಿನ್ನುವವನಿಗೆ ತಾನು ಏನು ತಿನ್ನುತ್ತಿದ್ದೇನೆ ಅಂತ ಗೊತ್ತಿರಬೇಕು ತಾನೆ? ಮುಚ್ಚಿಡುವುದು ಮರ್ಯಾದೆಯೋ, ಹೇಳುವುದು ಮರ್ಯಾದೆಯೋ, ನೀವೇ ಯೋಚಿಸಿ.

ಎಲ್ಲರಿಗಿಂತ ಖುಷಿಯಾಗಿದ್ದು ನಿಮ್ಮ ಮೊಮ್ಮಗಳಿಗೆ. ಲತಾಮಣಿಯ ಮಗಳು ಭಾನುಪ್ರಿಯ ಬೋರ್ಡ್ ನೋಡಿದ ಕೂಡಲೇ, ‘ಮಾವ, ನಂಗೆ ಇದೇ ಬೇಕಾಗಿತ್ತು ಕಣ್ ಮಾವ’ ಅಂತ ಕುಣಿದಳು. ಅವಳು ಕಬಡ್ಡಿಗೆ ಸೇರಿರುವುದು ನಿಮಗೆ ಗೊತ್ತಲ್ಲ. ಜೂನಿಯರ್ ಹುಡುಗಿಯರಿಗೆ ತೂಕ ಅರವತ್ತೈದು ಕೆಜಿ ಮೀರಬಾರದಂತೆ. ಇವಳು ಅರವತ್ತಾರೂವರೆ ಇದ್ದಾಳೆ. ಕೋಚ್ ಸಾಬಿರಾ ಮೇಡಂ ದಿನಕ್ಕೆ ಇಷ್ಟೇ ಕ್ಯಾಲೊರಿ ಅಂತ ಗೆರೆ ಹಾಕಿದ್ದಾರೆ. ಅವಳ ಪಿ.ಜಿ.ಯಲ್ಲಿ ಊಟ ಇಲ್ಲ. ಮಧ್ಯಾಹ್ನ ಫ್ಯಾಕ್ಟರಿ ಕ್ಯಾಂಟೀನು, ಬೆಳಿಗ್ಗೆ ಮತ್ತು ರಾತ್ರಿ ನಮ್ಮ ಅಂಗಡಿ. ನಾನು ಅವಳ ಹತ್ತಿರ ದುಡ್ಡು ಮುಟ್ಟುವುದಿಲ್ಲ, ಅದನ್ನು ಚಿಕ್ಕಮ್ಮನಿಗೆ ಹೇಳಿ.

ಲೆಕ್ಕ ಹಾಕಿದವರು ಯಾರು ಅಂತ ಕೇಳಿದ್ದೀರಿ. ತಿಳಿದವರ ಹತ್ತಿರವೇ ಮಾಡಿಸಿದ್ದೇನೆ. ಆ ಚಿಂತೆ ನಿಮಗೆ ಬೇಡ.

ನಿಮ್ಮ
ಅಶ್ವಥ್


ವಿರೂಪಾಕ್ಷಿಪುರ
30 ಜೂನ್ 2025

ಚಿರಂಜೀವಿ ಅಶ್ವಥನಿಗೆ,

ಭಾನು ಎರಡು ದಿನ ರಜೆಗೆ ಬಂದು ಹೋದಳು. ನಿನ್ನ ಬೋರ್ಡಿನ ವಿಷಯ ತೆಗೆದು ನಾನು ಉಗಿದೆ. ಅವಳು ಸ್ಲೇಟು ಕಿತ್ತುಕೊಂಡು ಬರೆದಳು: ‘ತಾತ, ಕಣ್ಣಳತೇಲಿ ತೂಕ ಇಳಿಯಲ್ಲ. ಎಲ್ಲಾ ಹೋಟ್ಲಲ್ಲೂ ಹಾಕ್ಬೇಕು.’ ಮಿಲ್ಲಿನಲ್ಲಿ ಮೂಟೆಯನ್ನು ಕಣ್ಣಳತೆಯಲ್ಲಿ ಕೊಟ್ಟರೆ ನಾನು ಒಪ್ಪುತ್ತಿದ್ದೆನೇ, ಅಂತ ನನ್ನನ್ನೇ ಕೇಳಿದಳು. ಹುಡುಗಿಗೆ ಬೇಕು ಅಂದಮೇಲೆ ಇರಲಿ. ನನಗೆ ಮಾತ್ರ ಅದನ್ನು ನೋಡಿದರೆ ಈಗಲೂ ಮೈಯೆಲ್ಲಾ ಮುದುಡುತ್ತದೆ.

ಆಗಸ್ಟಿನಲ್ಲಿ ರಾಮನಗರದಲ್ಲಿ ಜಿಲ್ಲಾ ತಂಡಕ್ಕೆ ಆಯ್ಕೆಯಂತೆ. ಅದರಲ್ಲಿ ಗೆದ್ದು ರಾಜ್ಯ ಮಟ್ಟದಲ್ಲಿ ಆಡಿದವರಿಗೆ ಅವಳ ಫ್ಯಾಕ್ಟರಿಯವರು ಕಾಯಂ ಕೆಲಸ ಕೊಡುತ್ತಾರಂತೆ. ಈಗಿರುವುದು ಕಂಟ್ರಾಕ್ಟು, ಯಾವತ್ತು ಬೇಕಾದರೂ ‘ನಾಳೆಯಿಂದ ಬರಬೇಡ’ ಅನ್ನಬಹುದು. ಅದಕ್ಕೇ ಹುಡುಗಿ ಹಲ್ಲು ಕಚ್ಚಿ ನಿಂತಿದ್ದಾಳೆ. ಬೆಣ್ಣೆ ಇಡ್ಲಿ 330 ಅಂತ ಅದನ್ನು ಬಿಟ್ಟುಬಿಟ್ಟಳಂತೆ. ಈಗ ಎರಡು ಹೊತ್ತೂ ನಿನ್ನ ಎಗ್ ರೈಸು. ಅದು 312, ಮೊಟ್ಟೆಯೂ ಸಿಕ್ಕಿತು, ಹೊಟ್ಟೆಯೂ ತುಂಬಿತು ಅಂದಳು. ಬೋರ್ಡಿನ ಫೋಟೊ ನೋಡಿ ಕೋಚಮ್ಮನೂ ಸರಿ ಅಂದರಂತೆ.

ನನಗೊಂದು ಅನುಮಾನ. ಕಾವಲಿಯಲ್ಲಿ ಎಣ್ಣೆ ಹೊಯ್ದು ಹುರಿದ ಅನ್ನ, ಆವಿಯಲ್ಲಿ ಬೆಂದ ಇಡ್ಲಿಗಿಂತ ಹಗುರ ಹೇಗಾಯಿತು? ಬೆಣ್ಣೆಯಿಂದ ಇರಬೇಕು ಅಂತ ನಾನೇ ಸಮಾಧಾನ ಮಾಡಿಕೊಂಡಿದ್ದೇನೆ. ನೀನು ಒಸಿ ವಿವರವಾಗಿ ಬರೆ.

ನಿನ್ನ ಚಿಕ್ಕಮ್ಮ ಬೇಡ ಬೇಡ ಅಂದರೂ ಅವಳ ಬ್ಯಾಗಿಗೆ ಒಂದು ಡಬ್ಬಿ ಕಜ್ಜಾಯ ತುರುಕಿದ್ದಾಳೆ. ರೂಮಿನ ಹುಡುಗಿಯರಿಗೆ ಹಂಚುತ್ತೇನೆ ಅಂದಳು ಭಾನು.

ಹನುಮಂತಯ್ಯ


ಬಿಡದಿ
19 ಆಗಸ್ಟ್ 2025

ಚಿಕ್ಕಪ್ಪನವರಿಗೆ ನಮಸ್ಕಾರ.

ಕನಕಪುರದಲ್ಲಿ ನಾಲ್ಕನೇ ಅಂಗಡಿ ತೆರೆಯುವ ಓಡಾಟದಲ್ಲಿ ನಿಮಗೆ ಬರೆಯಲು ಆಗಲಿಲ್ಲ. ಈಗ ಬರೆಯುತ್ತಿರುವುದು ಒಳ್ಳೆಯ ಸುದ್ದಿಯಲ್ಲ. ಲತಾ ನಿಮಗೆ ಪೂರ್ತಿ ಹೇಳಿರುವುದಿಲ್ಲ ಅನ್ನಿಸುತ್ತದೆ.

ಮೊನ್ನೆ ಭಾನುಪ್ರಿಯಳನ್ನು ಆಟ ಆಡಿಸಲೇ ಇಲ್ಲ. ತೂಕದ ಯಂತ್ರದಿಂದಲೇ ವಾಪಸ್ ಕಳಿಸಿದರು. ಅರವತ್ತಾರು ಕೆಜಿ ಇನ್ನೂರು ಗ್ರಾಂ. ಎರಡು ತಿಂಗಳು ಬೆವರು ಸುರಿಸಿ ಇಳಿಸಿದ್ದು ಅರ್ಧ ಕೆಜಿಯೂ ಇಲ್ಲ. ಮೇಡಂ ಹೇಳಿದ ಲೆಕ್ಕದ ಪ್ರಕಾರ ತಿಂದಿದ್ದರೆ ಮೂರು ಕೆಜಿಯಾದರೂ ಇಳಿಯಬೇಕಿತ್ತಂತೆ. ಕದ್ದು ತಿಂದಿದ್ದಾಳೆ ಅಂತ ಅವರಿಗೆ ಸಿಟ್ಟು. ತೂಕ ಮೀರಿದ್ದಕ್ಕಿಂತ ಸುಳ್ಳು ಹೇಳಿದ್ದಕ್ಕೆ. ‘ಸುಳ್ಳು ಹೇಳೋಳು ನನ್ ಗ್ರೌಂಡಿಗೆ ಬರೋದು ಬೇಡ’ ಅಂದುಬಿಟ್ಟರು.

ಅಂಗಡಿಗೆ ಬಂದು ನನ್ನನ್ನೂ ಕೇಳಿದರು. ನಾನೇನು ಹೇಳಲಿ ಚಿಕ್ಕಪ್ಪ? ವಯಸ್ಸಿನ ಹುಡುಗಿ, ಹೊರಗೆ ಏನಾದರೂ ತಿಂದಿರಬಹುದು ಅಂದೆ. ನೀವು ಕಳಿಸಿದ ಕಜ್ಜಾಯದ ವಿಷಯವೂ ಬಂತು.

ನೀವು ಹೆಚ್ಚು ಬೈಯಬೇಡಿ. ಮುಂದಿನ ವರ್ಷ ನೋಡಿಕೊಂಡರಾಯಿತು.

ಅಶ್ವಥ್


ವಿರೂಪಾಕ್ಷಿಪುರ
28 ಆಗಸ್ಟ್ 2025

ಅಶ್ವಥನಿಗೆ,

ಹೆಚ್ಚು ಬೈಯಬೇಡಿ ಅಂದೆಯಲ್ಲ, ನಿನ್ನ ಪತ್ರ ಬರುವಷ್ಟರಲ್ಲಿ ಎಲ್ಲಾ ಬೈದು ಮುಗಿದಿತ್ತು. ಹುಡುಗಿ ಶನಿವಾರ ಬಂದಳು. ಬಾಗಿಲಲ್ಲೇ ನಿಲ್ಲಿಸಿ, ನಾಲಿಗೆ ಹಿಡಿತದಲ್ಲಿಲ್ಲದವಳಿಗೆ ಕಬಡ್ಡಿ ಯಾಕೆ ಅಂತ ಬೀದಿಗೆಲ್ಲ ಕೇಳುವ ಹಾಗೆ ಅಂದುಬಿಟ್ಟೆ. ಕಿವುಡನ ದನಿ ಎಷ್ಟು ದೊಡ್ಡದಾಗಿರುತ್ತದೆ ಅಂತ ಅವನಿಗೆ ಗೊತ್ತಾಗುವುದಿಲ್ಲ ನೋಡು. ಅವಳು ಸ್ಲೇಟು ತೆಗೆದುಕೊಂಡು ‘ನಾನು ತಿಂದಿಲ್ಲ ತಾತ’ ಅಂತ ಬರೆದು ನನ್ನ ಮುಂದೆ ಹಿಡಿದಳು. ನಾನು ಅದನ್ನು ಅಂಗೈಯಲ್ಲಿ ಅಳಿಸಿದೆ. ಮತ್ತೆ ಬರೆದಳು. ಮತ್ತೆ ಅಳಿಸಿದೆ. ಮೂರನೇ ಸಲ ಅವಳು ಬಳಪ ಕೆಳಗಿಟ್ಟಳು.

ಕಜ್ಜಾಯ ಒಂದೂ ಬಾಯಿಗೆ ಹಾಕಿಲ್ಲ ಅಂತ ಅವರಜ್ಜಿಯ ತಲೆ ಮುಟ್ಟಿ ಹೇಳಿದಳು. ನಿನ್ನ ಚಿಕ್ಕಮ್ಮ ನಂಬಿದಳು. ನನಗೆ ನಂಬಿಕೆ ಬರಲಿಲ್ಲ. ಬೋರ್ಡಿನ ಮೇಲೆ ಅಂಕಿ ಇದೆ, ತಕ್ಕಡಿಯ ಮೇಲೆ ಅಂಕಿ ಇದೆ, ನಡುವೆ ಇರುವುದು ಇವಳ ಬಾಯಿ ಒಂದೇ ಅಲ್ಲವೇ? ಮಿಲ್ಲಿನಲ್ಲಿ ಮೂಟೆ ತೂಕ ತಪ್ಪಿದರೆ ನಾವು ಹಮಾಲಿಯ ಕಡೆ ತಿರುಗುತ್ತಿದ್ದೆವು.

ಈಗ ಅವಳು ಅನ್ನ ಕಂಡರೆ ಮುಖ ಸಿಂಡರಿಸುತ್ತಾಳೆ. ತಟ್ಟೆ ಇಟ್ಟರೆ ಹೊಲಸು ನೋಡಿದ ಹಾಗೆ ನೋಡುತ್ತಾಳೆ. ಬರೀ ಮಜ್ಜಿಗೆ ಕುಡಿದು ಬಿಡದಿಗೆ ಹೊರಟುಹೋದಳು.

ಜೂನ್‌ನಲ್ಲಿ ನಾನು ಕೇಳಿದ್ದಕ್ಕೆ ನೀನು ಇನ್ನೂ ಉತ್ತರ ಕೊಟ್ಟಿಲ್ಲ. ಹುರಿದ ಅನ್ನದ್ದು.

ಹನುಮಂತಯ್ಯ


ಬಿಡದಿ
20 ಸೆಪ್ಟೆಂಬರ್ 2025

ಪ್ರೀತಿಯ ಚಿಕ್ಕಪ್ಪನವರಿಗೆ,

ಬರುವ ತಿಂಗಳು ಕನಕಪುರದ ಅಂಗಡಿ ಶುರು. ಟೇಪು ನೀವೇ ಕತ್ತರಿಸಬೇಕು. ಅಪ್ಪ ಇದ್ದಿದ್ದರೆ ಅವರು ಮಾಡುತ್ತಿದ್ದ ಕೆಲಸ. ಕಾರು ಕಳಿಸುತ್ತೇನೆ, ಚಿಕ್ಕಮ್ಮನಿಗೆ ಸೀರೆ ತೆಗೆದಿಟ್ಟಿದ್ದೇನೆ.

ಭಾನು ನಮ್ಮ ಅಂಗಡಿಗೆ ಬರುವುದನ್ನು ನಿಲ್ಲಿಸಿದ್ದಾಳೆ. ನಾನೇನು ಮಾಡಿದೆ ಹೇಳಿ. ಬಂದು ಉಣ್ಣಲಿ, ಏನು ಬೇಕಾದರೂ ತಿನ್ನಲಿ, ಇನ್ನು ತೂಕದ ಹಂಗಿಲ್ಲವಲ್ಲ. ನೀವೊಂದು ಮಾತು ಹೇಳಿ.

ಹುರಿದ ಅನ್ನದ ಲೆಕ್ಕ ಸೈನ್ಸಿಗೆ ಸೇರಿದ್ದು. ಪತ್ರದಲ್ಲಿ ಬರೆದರೆ ಉದ್ದವಾಗುತ್ತದೆ. ಸಿಕ್ಕಾಗ ಮಾತಾಡೋಣ.

ನಿಮ್ಮ
ಅಶ್ವಥ್


ವಿರೂಪಾಕ್ಷಿಪುರ
9 ಅಕ್ಟೋಬರ್ 2025

ಅಶ್ವಥ,

ಸಿಕ್ಕಾಗ ಮಾತಾಡೋಣ ಅಂದೆ. ನನ್ನ ಹತ್ತಿರ ಮಾತಾಡಿದರೆ ನನಗೆ ಕೇಳಿಸುವುದಿಲ್ಲ ಅನ್ನುವುದು ನಿನಗೆ ಗೊತ್ತು. ಅದಕ್ಕೇ ನಿನ್ನೆ ನಾನೇ ಬಸ್ಸು ಹತ್ತಿ ಬಿಡದಿಗೆ ಬಂದಿದ್ದೆ. ನೀನು ಇರಲಿಲ್ಲ, ಕನಕಪುರಕ್ಕೆ ಹೋಗಿದ್ದೆಯಂತೆ. ಒಳ್ಳೆಯದೇ ಆಯಿತು.

ಬೋರ್ಡಿನ ಎದುರಿನ ಮೇಜಿನಲ್ಲಿ ಕೂತೆ. ನನ್ನ ಪಕ್ಕದಲ್ಲಿ ಒಬ್ಬ ತಟ್ಟೆ ಮುಗಿಸಿ ಎದ್ದ. ಅವನ ತಟ್ಟೆಯಲ್ಲಿ ಉಳಿದ ಎಣ್ಣೆಯನ್ನು ನೋಡಿದೆ. ನಮ್ಮ ಮಿಲ್ಲಿನ ಬೇರಿಂಗಿಗೆ ಹಾಕುತ್ತಿದ್ದ ಗ್ರೀಸು ಅದಕ್ಕಿಂತ ತೆಳುವಾಗಿತ್ತು. ನೋಡಲಾರದೆ ಕಣ್ಣು ಮೇಲೆತ್ತಿದೆ. ಕಿವಿಯಿಲ್ಲದವನಿಗೆ ಮಾಡಲು ಬೇರೇನಿದೆ, ಎದುರಿಗಿದ್ದದ್ದನ್ನು ಓದುತ್ತಾ ಕೂತೆ.

ಚಿತ್ರಾನ್ನ 222. ದೋಸೆ 240. ಎಗ್ ರೈಸು 312. ಬೆಣ್ಣೆ ಇಡ್ಲಿ 330. ಗೋಬಿ 411. ಪರೋಟ 501. ಕಾಫಿ 60. ಕೊನೆಗೆ ನೀರಿನ ಬಾಟಲಿ. ಅದರ ಮುಂದೆ 6.

ನೀರಿನಲ್ಲಿ ಏನಿದೆಯಪ್ಪ ಮೈಗೆ ಸೇರಲು? ಅಲ್ಲಿ ನನ್ನ ಕಣ್ಣು ನಿಂತಿತು. ಆಮೇಲೆ ಒಂದೊಂದೇ ಸಾಲನ್ನು ಕೂಡಿದೆ. ಎರಡು ಎರಡು ಎರಡು, ಆರು. ಮೂರು ಮೂರು ಸೊನ್ನೆ, ಆರು. ಐದು ಸೊನ್ನೆ ಒಂದು, ಆರು. ನಿನ್ನ ಕಾರಿನ ನಂಬರು ಕೂಡಿದರೆ ಆರು. ನಿನ್ನ ಮದುವೆ ಇಪ್ಪತ್ನಾಲ್ಕನೇ ತಾರೀಕು. ಮೊದಲ ಅಂಗಡಿ ತೆರೆದದ್ದು ಹದಿನೈದಕ್ಕೆ. ನಿನಗೆ ಆರು ಆಗಿಬರುತ್ತದೆ ಅಂತ ಹೇಳಿದ ಜೋಯಿಸರಿಗೆ ಎಲೆ ಅಡಿಕೆ ಕೊಟ್ಟವನು ನಾನೇ ಕಣ್ಲಾ. ತಿಳಿದವರು ಅಂದರೆ ಅವರೇನಾ?

ಥೂ. ಇನ್ನೇನು ಬರೆಯಲಿ. ಅನ್ನ ಎಣಿಸುವುದೇ ಅಸಹ್ಯ ಅಂದುಕೊಂಡಿದ್ದೆ ನಾನು. ಎಣಿಸದೇ ಎಣಿಸಿದ ಹಾಗೆ ಬರೆಯುವುದು ಅದಕ್ಕಿಂತ ಹೇಸಿಗೆ. ಆ ಹುಡುಗಿ ದಿನಾ ಎರಡು ಹೊತ್ತು ನಿನ್ನ ಬೋರ್ಡಿಗೆ ಕತ್ತೆತ್ತಿ ನೋಡಿ, ನಂಬಿ, ಉಂಡಳು. ನೀನು ಅವಳ ಕೋಚಿನ ಮುಂದೆ ನಿಂತು ‘ಹೊರಗೆ ತಿಂದಿರಬಹುದು’ ಅಂದೆ. ಗೊತ್ತಿದ್ದೂ ಅಂದೆ.

ಟೇಪು ಕತ್ತರಿಸುವುದಕ್ಕೆ ಬೇರೆಯವರನ್ನು ಕರೆ. ಸೀರೆಯೂ ಬೇಡ. ಸಾಬಿರಾ ಮೇಡಂ ಹತ್ತಿರ ಹೋಗಿ ನಿಜ ಹೇಳು. ಅಲ್ಲಿವರೆಗೆ ನನ್ನನ್ನು ಚಿಕ್ಕಪ್ಪ ಅನ್ನಬೇಡ.

ಹನುಮಂತಯ್ಯ


ಬಿಡದಿ
17 ಅಕ್ಟೋಬರ್ 2025

ಚಿಕ್ಕಪ್ಪ,

ಬೇಡ ಅಂದರೂ ಹಾಗೇ ಕರೆಯುತ್ತೇನೆ, ಬೇರೆ ಏನಂತ ಕರೆಯಲಿ.

ನಿಮ್ಮ ಹತ್ತಿರ ಮುಚ್ಚುಮರೆ ಮಾಡಿ ಪ್ರಯೋಜನವಿಲ್ಲ. ಬೋರ್ಡಿನವನು ಅರ್ಜೆಂಟ್ ಮಾಡಿದ. ಲ್ಯಾಬಿನಲ್ಲಿ ಮಾಡಿಸಲು ತಿಂಗಳು ಬೇಕು ಅಂದರು. ಫೋನಿನಲ್ಲಿ ನೋಡಿ ಒಂದಷ್ಟು ಅಂಕಿ ಬರೆದುಕೊಂಡೆ. ಬೋರ್ಡಿನ ಪೂಜೆಗೆ ದಿನ ಕೇಳಲು ಹೋದಾಗ ಜೋಯಿಸರು ಆ ಚೀಟಿ ನೋಡಿ, ‘ಇದ್ರಾಗೆ ಒಂದೂ ನಿಂಗಾಗಾಕಿಲ್ಲ, ಎಲ್ಲಾನೂ ಆರಕ್ಕೆ ತಂದ್ಬುಡು’ ಅಂದರು. ಹತ್ತು ಇಪ್ಪತ್ತು ಹೆಚ್ಚುಕಡಿಮೆಯಾದರೆ ಯಾರ ಗಂಟು ಹೋಗುತ್ತದೆ ಅಂದುಕೊಂಡೆ. ಚೀಸ್ ರೋಲಿಗೆ 420 ಬಂದಿತ್ತು. ಕೂಡಿದರೆ ಅದೂ ಆರೇ. ಆದರೆ ಜನ ಫೋರ್ ಟ್ವೆಂಟಿ ಅಂತ ನಗುತ್ತಾರೆ ಅಂತ ಜೋಯಿಸರೇ ಬಿಡಿಸಿದರು.

ಎಗ್ ರೈಸಿನದು ಮಾತ್ರ ನನ್ನ ಕೆಲಸ. ಫೋನಿನಲ್ಲಿ ಅದು ಏಳುನೂರು ದಾಟಿತ್ತು. ನಮ್ಮಲ್ಲಿ ಜಾಸ್ತಿ ಹೋಗುವುದು ಅದೇ. ಜನ ಹೆದರುತ್ತಾರೆ ಅಂತ 312 ಮಾಡಿಸಿದೆ. ಭಾನು ಅದನ್ನೇ ಹಿಡಿದುಕೊಂಡಾಗ ಹೇಳಬೇಕು ಅಂತ ಎಷ್ಟೋ ಸಲ ಬಾಯಿಗೆ ಬಂತು. ಅವಳ ಜೊತೆ ಯಾವಾಗಲೂ ನಾಲ್ಕು ಹುಡುಗಿಯರು ಇರುತ್ತಿದ್ದರು. ಅವರೂ ಗಿರಾಕಿಗಳು.

ಮೇಡಂ ಹತ್ತಿರ ಹೇಳಿದರೆ ಊರಿಗೆಲ್ಲ ಹರಡುತ್ತದೆ. ಕನಕಪುರದ ಅಂಗಡಿ ಕಣ್ಣು ಬಿಡುವ ಮೊದಲೇ ಮುಚ್ಚಿಹೋಗುತ್ತದೆ. ಬೇರೆ ಏನು ಬೇಕಾದರೂ ಹೇಳಿ. ಇಡೀ ಟೀಮಿಗೆ ಜೆರ್ಸಿ, ಬೂಟು ನಾನು ಕೊಡಿಸುತ್ತೇನೆ. ಜೆರ್ಸಿಯ ಬೆನ್ನ ಮೇಲೆ ನಮ್ಮ ಅಂಗಡಿ ಹೆಸರು ಹಾಕಿದರೂ ಸರಿ, ಹಾಕದಿದ್ದರೂ ಸರಿ.

ಅಶ್ವಥ್


ವಿರೂಪಾಕ್ಷಿಪುರ
23 ಅಕ್ಟೋಬರ್ 2025

ಅಶ್ವಥ,

ಬೂಟು ಬೇಡ. ನಿನ್ನ ಅಂಗಡಿಯ ಹೆಸರು ಹೊತ್ತು ಆಡುವುದಕ್ಕಿಂತ ಅವಳು ಬರಿಗಾಲಲ್ಲಿ ಮನೆಯಲ್ಲಿರಲಿ.

ನಾನು ಭಾನುವಿನ ಪಿ.ಜಿ.ಗೆ ಹೋಗಿದ್ದೆ. ಸ್ಲೇಟು ಜೊತೆಗೇ ಒಯ್ದಿದ್ದೆ. ನಾನೇ ಬರೆದೆ: ‘ನೀನು ತಿಂದಿಲ್ಲ.’ ಆರರ ಲೆಕ್ಕವನ್ನೂ ಬರೆದು ತೋರಿಸಿದೆ. ಅವಳು ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ. ‘ಮಾವಂಗೆ ಗೊತ್ತಿತ್ತಾ?’ ಅಂತ ಬರೆದು ನನ್ನ ಮುಖ ನೋಡಿದಳು. ಗೊತ್ತಿತ್ತು ಅಂತ ತಲೆ ಆಡಿಸಿದೆ. ಸ್ಲೇಟು ಒರೆಸಿ ನನ್ನ ಕೈಗೆ ಕೊಟ್ಟಳು.

ಮೇಡಂ ಹತ್ತಿರ ನಾನೇ ಹೋಗಿ ಹೇಳಬಹುದು. ತಾತ ಮೊಮ್ಮಗಳ ಪರ ಬರುತ್ತಾನೆ ಅನ್ನುತ್ತಾರೆ. ಹೇಳಬೇಕಾದವನು ನೀನು.

ಹನುಮಂತಯ್ಯ


ಬಿಡದಿ
12 ನವೆಂಬರ್ 2025

ಚಿಕ್ಕಪ್ಪನವರಿಗೆ,

ಹದಿನೈದು ದಿನ ಹೋಗಬೇಕು ಹೋಗಬೇಕು ಅಂತಲೇ ಕಳೆದೆ. ಹೋಗಲಿಲ್ಲ. ನಿನ್ನೆ ಅವರೇ ಬಂದರು.

ಸಂಜೆ ಶಿಫ್ಟು ಬಿಟ್ಟ ಹೊತ್ತು. ಅಂಗಡಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಭಾನು, ಅವಳ ಹಿಂದೆ ಟೀಮಿನ ಹುಡುಗಿಯರು, ಎಲ್ಲರ ಹಿಂದೆ ಸಾಬಿರಾ ಮೇಡಂ. ಭಾನು ದುಡ್ಡು ಕೊಟ್ಟು ಟೋಕನ್ ತೆಗೆದುಕೊಂಡಳು. ಬೇಡ ಕಣವ್ವ ಅಂದೆ, ಚಿಲ್ಲರೆ ಎಣಿಸಿ ಮೇಜಿನ ಮೇಲಿಟ್ಟಳು. ಒಂದು ಎಗ್ ರೈಸ್. ತಟ್ಟೆ ಬಂತು. ಅದನ್ನು ತಂದು ನನ್ನ ಗಲ್ಲಾದ ಮೇಲಿಟ್ಟಳು.

‘ಮಾವ, ಇದ್ರಲ್ಲಿ ಎಷ್ಟೈತೆ?’

‘ಬೋರ್ಡಲ್ಲಿ ಐತಲ್ಲವ್ವ’ ಅಂದೆ.

‘ಬೋರ್ಡ್ ಬೇಡ. ನೀನ್ ಹೇಳು.’

ಕ್ಯೂನಲ್ಲಿದ್ದವರೆಲ್ಲ ಬೋರ್ಡನ್ನೂ ನನ್ನನ್ನೂ ನೋಡತೊಡಗಿದರು. 312 ಅಂತ ಹೇಳಿಬಿಡೋಣ ಅನ್ನಿಸಿತು. ನಿಜವಾಗಿ ಅನ್ನಿಸಿತು ಚಿಕ್ಕಪ್ಪ, ನಿಮಗೆ ಯಾಕೆ ಸುಳ್ಳು ಬರೆಯಲಿ. ಅವಳ ಮುಖ ನೋಡಿದೆ. ಇಳಿದುಹೋಗಿದ್ದಾಳೆ. ಈಗ ತೂಕಕ್ಕೆ ನಿಲ್ಲಿಸಿದರೆ ಅರವತ್ತೂ ಇರಲಿಕ್ಕಿಲ್ಲ.

‘ಗೊತ್ತಿಲ್ಲ’ ಅಂದೆ.

‘ಮೇಡಂಗೆ ಕೇಳಿಸ್ಲಿಲ್ಲ.’

‘ಗೊತ್ತಿಲ್ಲ ಕಣವ್ವ. ಆ ಬೋರ್ಡಲ್ಲಿರೋದು ಯಾವ್ದೂ ನಿಜ ಅಲ್ಲ.’

ಒಬ್ಬ ಬಾಯಿಗೆ ಒಯ್ದ ಚಮಚವನ್ನು ಹಾಗೇ ತಟ್ಟೆಗೆ ಇಳಿಸಿದ. ಮೇಡಂ ಮುಂದೆ ಬಂದರು. ‘ಅವತ್ತು ಹೊರಗೆ ತಿಂದಿರ್ಬಹುದು ಅಂದ್ರಲ್ಲ?’ ಅಂತ ಕೇಳಿದರು. ಬೈದಿದ್ದರೆ ಚೆನ್ನಾಗಿತ್ತು. ಮೆತ್ತಗೆ ಕೇಳಿದರು. ಸುಳ್ಳು ಹೇಳಿದೆ ಅಂದೆ.

ಮೇಡಂ ಭಾನುವಿನ ಕಡೆ ತಿರುಗಿ, ‘ಬೆಳಿಗ್ಗೆ ಐದೂವರೆಗೆ ಗ್ರೌಂಡಿಗೆ ಬಾ’ ಅಂದರು. ಅವಳ ಬ್ಯಾಗನ್ನು ಅವಳ ಹೆಗಲಿಂದ ತೆಗೆದು ತಾವೇ ಹಾಕಿಕೊಂಡು ಹೊರಟರು. ಭಾನು ಅವರ ಹಿಂದೆಯೇ ನಡೆದಳು. ತಿರುಗಿಯೂ ನೋಡಲಿಲ್ಲ.

ಕ್ಯೂ ಕರಗಿಹೋಯಿತು. ತಟ್ಟೆ ಗಲ್ಲಾದ ಮೇಲೇ ಇತ್ತು. ವಾಸಿಂ ತೆಗೆಯಲು ಬಂದ, ಬೇಡ ಅಂದೆ. ಗಿರಾಕಿ ದುಡ್ಡು ಕೊಟ್ಟ ಅನ್ನ, ಚೆಲ್ಲಲು ಮನಸ್ಸಾಗಲಿಲ್ಲ. ಎಂಟು ವರ್ಷದಿಂದ ಮಾರುತ್ತಿದ್ದೇನೆ, ಒಂದು ತಟ್ಟೆ ಪೂರ್ತಿ ನಾನು ತಿಂದದ್ದಿಲ್ಲ, ಮನೆಯಿಂದ ಮುದ್ದೆ ಬರುತ್ತದೆ. ನಿನ್ನೆ ಎಳೆದುಕೊಂಡು ತಿನ್ನಲು ಕೂತೆ. ಆರಿಹೋಗಿತ್ತು. ಎಣ್ಣೆ ತುಟಿಗೆ, ಅಂಗುಳಿಗೆ, ಗಂಟಲಿಗೆ ಅಂಟಿಕೊಂಡಿತು. ನಾಲ್ಕನೇ ತುತ್ತಿಗೆ ಓಕರಿಕೆ ಬಂದು ಹಿಂದಿನ ಮೋರಿಗೆ ಓಡಿದೆ.

ಬಾಯಿ ತೊಳೆದು ಬಂದಾಗ ಫ್ಯಾಕ್ಟರಿಯ ಹೆಂಗಸೊಬ್ಬಳು ಮಗುವನ್ನು ಎತ್ತಿಕೊಂಡು ಬೋರ್ಡಿನ ಕೆಳಗೆ ನಿಂತಿದ್ದಳು. ಅವಳು ಆಗ ತಾನೇ ಬಂದವಳು. ‘ಅಣ್ಣ, ಮಗೀಗೆ ಯಾವ್ದು ಒಳ್ಳೇದು?’ ಅಂತ ಕೇಳಿದಳು.

ಅಂಗಡಿ ಇವತ್ತಿಗೆ ಮುಚ್ಚಿತು ಅಂದು ಶಟರ್ ಎಳೆದೆ. ಇವತ್ತು ಇನ್ನೂ ತೆಗೆದಿಲ್ಲ.

ಅಶ್ವಥ್